ಈಚಲ ಮರಕ್ಕೆ ಕೊಡಲಿ, ಕಾವಲಿಗೆ ಬೇಲಿ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಪತ್ತೆ ಮಾಡಿದರು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಮೇಲಿನವರು ಕಳಿಸಿದ ಆದೇಶ ಅದು. ತಂದೆ ತಾಯಿಯರ ಮಾತು ಕೇಳಬೇಕು, ಗುರುಹಿರಿಯರಿಗೆ ವಿಧೇಯರಾಗಿರಬೇಕು ಎಂಬ ಬೋಧನೆ ಅದರಲ್ಲಿದೆ. ಬರೆದವನು ಚಪಡ ಎಂದು ತನ್ನ ಹೆಸರನ್ನೂ ಕೆತ್ತಿಕೊಂಡಿದ್ದಾನೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಬಂಡೆಗಳ ಮೇಲೆ ಪ್ರಭುತ್ವ ಬರೆಸಿದ, ನಮಗೆ ಸಿಕ್ಕಿರುವ ಮೊದಲ ಮಾತುಗಳು ವಿಧೇಯತೆಯ ಬಗ್ಗೆ ಎನ್ನುವುದು ಕಾಕತಾಳೀಯವೇ ಇರಬಹುದು.

ವಿಧೇಯತೆಗೆ ಇಷ್ಟು ಹಳೆಯ ದಾಖಲೆ ಇರುವ ಈ ಜಿಲ್ಲೆಯಲ್ಲಿ ಅವಿಧೇಯತೆಗೂ ಒಂದು ಚರಿತ್ರೆ ಇದೆ. ಅದು ಪಠ್ಯಪುಸ್ತಕದಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ. ಉಪ್ಪಿನ ಸತ್ಯಾಗ್ರಹ ಎಂದರೆ ದಂಡಿ, ನಮ್ಮಲ್ಲಿ ಅಂಕೋಲಾ. ಕರನಿರಾಕರಣೆ ಎಂದರೆ ಉತ್ತರ ಕನ್ನಡದ ಸಿರಸಿ, ಸಿದ್ದಾಪುರ. ಧ್ವಜವೆಂದರೆ ಶಿವಪುರ. ಚಿತ್ರದುರ್ಗದ ಬಯಲಿಗೆ ಸಮುದ್ರವಿಲ್ಲ, ಉಪ್ಪು ಕಾಯಿಸುವ ಮಾತಿಲ್ಲ. ಇಲ್ಲಿ ಇದ್ದದ್ದು ಬಿಸಿಲು, ಜಾಲಿ, ಹಳ್ಳದ ಸಾಲಿನ ಈಚಲು ಮರ ಮತ್ತು ಮೈಲಿಗಟ್ಟಲೆ ಹುಲ್ಲು. ಈಚಲು ಮರದ ಕಥೆ 1939ರದ್ದು. ಹುಲ್ಲಿನ ಕಥೆ ಚಳ್ಳಕೆರೆ ತಾಲ್ಲೂಕು ನಾಯಕನಹಟ್ಟಿ ಹೋಬಳಿಯ ವರವು ಕಾವಲು ಎಂಬ ಹುಲ್ಲುಗಾವಲಿನದು, ಅದು ಇನ್ನೂ ಮುಗಿದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಕಾನೂನು ಮುರಿಯುವುದು ಯಾವಾಗ ಚಳವಳಿಯಾಗುತ್ತದೆ, ಯಾವಾಗ ಬರೀ ಕೇಸಾಗಿ ಉಳಿಯುತ್ತದೆ ಎನ್ನುವುದು ಕೊಂಚ ತಿಳಿಯಾಗುತ್ತದೆ.

ತುರುವನೂರಿನ ಕೊಡಲಿ

1938ರ ಏಪ್ರಿಲ್ ತಿಂಗಳು ಮೈಸೂರು ಸಂಸ್ಥಾನವನ್ನು ಅಲ್ಲಾಡಿಸಿತು. ಮದ್ದೂರಿನ ಹತ್ತಿರದ ಶಿವಪುರದಲ್ಲಿ ಕಾಂಗ್ರೆಸ್ಸಿನವರು ನಿಷೇಧಾಜ್ಞೆ ಮೀರಿ ಬಾವುಟ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ ಬಾವುಟಕ್ಕೆ ದಾರಿಯಾಯಿತು. ಆದರೆ ಜವಾಬ್ದಾರಿ ಸರ್ಕಾರ ಬೇಕೆಂಬ ಬೇಡಿಕೆ ಇದ್ದಲ್ಲೇ ಇತ್ತು. ಮೈಸೂರಿನವರ ಇಕ್ಕಟ್ಟು ಬೇರೆ ಬಗೆಯದು. ನಾಲ್ವಡಿ ಕೃಷ್ಣರಾಜ ಒಡೆಯರನ್ನು ಜನ ದೇವರಂತೆ ಕಾಣುತ್ತಿದ್ದರು. ಕೆರೆ, ಕಾಲುವೆ, ಕರೆಂಟು ತಂದುಕೊಟ್ಟ ಅರಸರ ಕಾನೂನನ್ನು ಮುರಿಯುವುದು ಹೇಗೆ? ಅದಕ್ಕೇ ಬೇಡಿಕೆಯೂ 'ಮಹಾರಾಜರ ಆಶ್ರಯದಲ್ಲಿ ಜವಾಬ್ದಾರಿ ಸರ್ಕಾರ' ಎಂದಿತ್ತು. ಮುರಿಯಬೇಕಾದದ್ದು ಅರಸನ ಮೇಲಿನ ಪ್ರೀತಿಯನ್ನಲ್ಲ, ಅಧಿಕಾರಶಾಹಿಯ ಬೊಕ್ಕಸವನ್ನು.

ಆ ಬೊಕ್ಕಸಕ್ಕೆ ಬರುತ್ತಿದ್ದ ದೊಡ್ಡ ವರಮಾನಗಳಲ್ಲಿ ಅಬಕಾರಿ ಒಂದು. ಸರ್ಕಾರಿ ಜಮೀನಿನ, ಕಾಡಿನ ಈಚಲು ಮರಗಳು ಸರ್ಕಾರದ ಸ್ವತ್ತು. ಹೆಂಡ ಇಳಿಸುವ ಹಕ್ಕು ಗುತ್ತಿಗೆದಾರನದು. ಗುತ್ತಿಗೆಯ ಹಣ ಖಜಾನೆಗೆ, ಹೆಂಡದ ಕಾಸು ಕೂಲಿಯವನ ಜೇಬಿನಿಂದ. ಮರ ಕಡಿದರೆ ಅರಣ್ಯ ಕಾನೂನಿನ ಪ್ರಕಾರ ಅಪರಾಧ. ಗಾಂಧೀಜಿ ಉಪ್ಪಿನಲ್ಲಿ ಕಂಡುಕೊಂಡದ್ದೆಲ್ಲ ಈ ಒಂದು ಮರದಲ್ಲಿತ್ತು. ಎಲ್ಲರ ಕಣ್ಣೆದುರಿಗಿದೆ, ಬಡವನ ಬದುಕಿಗೆ ತಾಕುತ್ತದೆ, ಖಜಾನೆಗೆ ನೇರವಾಗಿ ನಾಟುತ್ತದೆ, ಮುರಿಯಲು ಬೇಕಾದ ಹತಾರ ಪ್ರತಿ ಮನೆಯ ಸೂರಿನಲ್ಲಿ ಸಿಕ್ಕಿಸಿದೆ. ಮೇಲಾಗಿ ಮನೆಯ ಹೆಂಗಸರು ಈ ಚಳವಳಿಗೆ ಯಾರೂ ಹೇಳಿಕೊಡದೆಯೇ ಒಲಿಯುತ್ತಾರೆ.

1939ರ ಸೆಪ್ಟೆಂಬರಿನಲ್ಲಿ ಯೂರೋಪಿನಲ್ಲಿ ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಈಚಲು ಮರಗಳಿಗೆ ಕೊಡಲಿ ಬಿತ್ತು. ಮುಂದೆ ನಿಂತವರು ಎಸ್. ನಿಜಲಿಂಗಪ್ಪ. 1902ರಲ್ಲಿ ಆಗಿನ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ ಹುಟ್ಟಿ, ದಾವಣಗೆರೆಯಲ್ಲಿ ಓದಿ, ಬೆಂಗಳೂರಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು ಮುಗಿಸಿ, ಚಿತ್ರದುರ್ಗದಲ್ಲಿ ವಕೀಲಿ ಮಾಡುತ್ತಿದ್ದವರು. ಕಾನೂನೇ ಕಸುಬಾಗಿದ್ದ ಮನುಷ್ಯ ಕಾನೂನು ಮುರಿದರು. ಜೈಲಿಗೆ ಹೋದರು, ವಕೀಲಿಯ ಸನ್ನದನ್ನೂ ಕಳೆದುಕೊಂಡರು. ಆಗಿನ ಚಿತ್ರದುರ್ಗ ಜಿಲ್ಲೆಯ ಇನ್ನೊಂದು ಮೂಲೆಯ ಮಾಯಕೊಂಡದಲ್ಲಿ ಬಳ್ಳಾರಿ ಸಿದ್ದಮ್ಮ ಈಚಲು ಮರ ಕಡಿದು ಸೆರೆಮನೆ ಸೇರಿದರು. ಹಿಂದಿನ ವರ್ಷ ಶಿವಪುರದಲ್ಲೂ ಅವರು ದಸ್ತಗಿರಿಯಾಗಿದ್ದರು. ತುರುವನೂರು ನಿಜಲಿಂಗಪ್ಪನವರ ಹೆಸರಿನೊಂದಿಗೆ ಹೆಣೆದುಕೊಂಡು ಉಳಿಯಿತು, ಸಿದ್ದಮ್ಮನ ಹೆಸರು ಮಹಿಳಾ ದಿನಾಚರಣೆಯ ಭಾಷಣಗಳಲ್ಲಿ ಮಾತ್ರ ಕೇಳಿಸುತ್ತದೆ. ಚರಿತ್ರೆಯ ಲೆಕ್ಕ ಯಾವಾಗಲೂ ಹೀಗೇ.

ಮರ ಕಡಿದದ್ದಕ್ಕಿಂತ ಹೇಳಿ ಕಡಿದದ್ದು ಮುಖ್ಯ. ಈಚಲು ಮರಕ್ಕೆ ಅದಕ್ಕೂ ಮುಂಚೆ ಯಾರೂ ಮಚ್ಚು ಹಾಕಿರಲಿಲ್ಲವೇ? ಗರಿಗೆ, ಚಾಪೆಗೆ, ಪೊರಕೆಗೆ, ತೊಲೆಗೆ ಹಳ್ಳಿಗರು ಕತ್ತಲಲ್ಲಿ ಕಡಿದದ್ದು ಎಷ್ಟೋ. ಕಾವಲುಗಾರ ಕಂಡರೆ ಓಡುವುದು, ಸಿಕ್ಕಿಬಿದ್ದರೆ ನಾಲ್ಕಾಣೆ ಕೊಟ್ಟು ಬಿಡಿಸಿಕೊಳ್ಳುವುದು. ಆ ಕೆಲಸದಿಂದ ಕಾನೂನಿಗೆ ಒಂದು ಗೀರೂ ಬೀಳುವುದಿಲ್ಲ. ಕಳ್ಳತನ ಕಾನೂನನ್ನು ಒಪ್ಪಿಕೊಂಡೇ ನಡೆಯುತ್ತದೆ. ತುರುವನೂರಿನಲ್ಲಿ ಆದದ್ದು ಅದರ ತಿರುಗು ಮುರುಗು. ಹಗಲು ಹೊತ್ತು, ಊರೆಲ್ಲ ನೋಡುತ್ತಿರುವಾಗ, ಪೊಲೀಸರಿಗೆ ಗೊತ್ತಿರುವ ಹಾಗೆ ಕಡಿದು, 'ಹೌದು, ಕಡಿದದ್ದು ನಾನೇ' ಎಂದು ಹೆಸರು ಬರೆಸಿ ಕೈ ಚಾಚಿದ್ದು. 1917ರ ಏಪ್ರಿಲ್ 18ರಂದು ಚಂಪಾರಣ್ಯದ ಮೋತಿಹಾರಿ ಕೋರ್ಟಿನಲ್ಲಿ ಗಾಂಧೀಜಿ ಮಾಡಿದ್ದೂ ಇಷ್ಟೇ. ಜಿಲ್ಲೆ ಬಿಟ್ಟು ಹೋಗೆಂಬ ಆಜ್ಞೆಯನ್ನು ಮೀರಿದ್ದು ನಿಜ, ಶಿಕ್ಷೆ ಕೊಡಿ ಎಂದರು. ವಾದ ಮಾಡಲು ತಯಾರಾಗಿ ಬಂದಿದ್ದ ಸರ್ಕಾರಿ ವಕೀಲನಿಗೆ ಕೆಲಸವೇ ಉಳಿಯಲಿಲ್ಲ.

ಅಮೆರಿಕದ ಥೋರೋ ಕಥೆಯಲ್ಲಿ ಈ ಬಿಗಿ ಇಲ್ಲ ಎಂದು ನನಗೆ ಯಾವಾಗಲೂ ಅನ್ನಿಸಿದೆ. 1846ರಲ್ಲಿ ತಲೆಗಂದಾಯ ಕಟ್ಟದೆ ಒಂದು ರಾತ್ರಿ ಜೈಲಿನಲ್ಲಿ ಮಲಗಿದ. ಯಾರೋ ಬಂದು ಅವನ ತೆರಿಗೆ ಕಟ್ಟಿಬಿಟ್ಟರು, ಬೆಳಗ್ಗೆ ಹೊರಗೆ ಬಂದ. ಆಮೇಲೆ ಬರೆದ ಪ್ರಬಂಧ ಜಗತ್ತನ್ನು ಸುತ್ತಿತು. ಬರವಣಿಗೆ ದೊಡ್ಡದು, ಸೆರೆವಾಸ ಚಿಕ್ಕದು. ನಮ್ಮ ಕಡೆ ಅದರ ವಿರುದ್ಧ: ಸೆರೆವಾಸ ಅನುಭವಿಸಿದವರು ಬಹಳ, ಬರೆದಿಟ್ಟವರು ಕೆಲವರು.

ಕಾವಲು ಯಾರದು?

ಇನ್ನು ಹುಲ್ಲಿನ ಕಥೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಹೋದವರು ಆ ಸುತ್ತಿನ ನೆಲ ನೋಡಿರುತ್ತಾರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಸೇರಿವೆ. ಶೇಂಗಾ ಬಿತ್ತಿ ಮುಗಿಲು ನೋಡುವ ಸೀಮೆ. ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಕುರಿ, ಮೇಕೆ, ದನ. ಗೊಲ್ಲರಹಟ್ಟಿಗಳು, ಮ್ಯಾಸ ನಾಯಕರ ಹಟ್ಟಿಗಳು, ಕಂಬಳಿ ನೇಯುವ ಕುರುಬರ ಮನೆಗಳು ಎಲ್ಲವೂ ಈ ಪ್ರಾಣಿಗಳಿಗೆ ಕಟ್ಟಿಕೊಂಡ ಬದುಕು. ಮ್ಯಾಸ ನಾಯಕರಿಗೆ ದೇವರ ಎತ್ತುಗಳೆಂದರೆ ಬರೀ ದನವಲ್ಲ. ಅವನ್ನು ಕಾಯಲು ಕಿಲಾರಿ ಇರುತ್ತಾನೆ, ಅವನ್ನು ಮಾರುವಂತಿಲ್ಲ, ಹೊಲಕ್ಕೆ ಹೂಡುವಂತಿಲ್ಲ. ದೇವರು ಗುಡಿಯಲ್ಲಿ ಇರುವಷ್ಟೇ ಆ ಮಂದೆಯಲ್ಲೂ ಇರುತ್ತಾನೆ. ದೇವರಿಗೂ ಹುಲ್ಲು ಬೇಕು.

ಆ ಹುಲ್ಲು ಬೆಳೆಯುತ್ತಿದ್ದದ್ದು ಅಮೃತಮಹಲ್ ಕಾವಲುಗಳಲ್ಲಿ. ಕಾವಲಿನ ಚರಿತ್ರೆಯನ್ನು ಹೇಳುವಾಗ ಬಹಳ ಜನ ಒಂದು ತಪ್ಪು ಮಾಡುತ್ತಾರೆ: ಅದು ಹಿಂದಿನಿಂದಲೂ ಜನರ ಗೋಮಾಳವಾಗಿತ್ತು, ಈಗ ಸರ್ಕಾರ ಕಸಿದುಕೊಂಡಿತು ಎಂದುಬಿಡುತ್ತಾರೆ. ಹಾಗಲ್ಲ. ಕಾವಲು ಹುಟ್ಟಿದ್ದೇ ಪ್ರಭುತ್ವದ ಬೇಲಿಯಾಗಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಹೈದರನ ದಂಡಿನ ಫಿರಂಗಿ ಎಳೆಯುವ ಎತ್ತುಗಳು, ಟಿಪ್ಪು ಇಟ್ಟ 'ಅಮೃತಮಹಲ್' ಎಂಬ ಹೆಸರು, 1799ರ ನಂತರ ಬ್ರಿಟಿಷರ ಮಿಲಿಟರಿ ಖಾತೆ, ಎಲ್ಲ ಕಾಲದಲ್ಲೂ ಅದು ಯುದ್ಧದ ದನಗಳಿಗೆ ಮೀಸಲಿಟ್ಟ ಮೇವು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ಮಂದೆಗಳನ್ನು ಅಲ್ಲಿಂದಿಲ್ಲಿಗೆ ಹೊಡೆಯುತ್ತಿದ್ದರು. 1860ರಲ್ಲಿ ಖರ್ಚು ಉಳಿಸಲು ಮಂದೆಗಳನ್ನೇ ಮಾರಿದರು. ಆಮೇಲೆ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ ಅದೇ ದಶಕದಲ್ಲಿ ಮತ್ತೆ ಕಟ್ಟಿದರು.

ಆದರೆ ಆ ಬೇಲಿಗೆ ಸಂದುಗಳಿದ್ದವು. ಸರ್ಕಾರಿ ಮಂದೆ ಬೇರೆ ಕಾವಲಿಗೆ ಹೋದ ತಿಂಗಳುಗಳಲ್ಲಿ ಹಳ್ಳಿಯ ದನಕರು ಮೇಯುತ್ತಿದ್ದವು. ಎಲ್ಲೋ ಹಣ ಕಟ್ಟಿ, ಎಲ್ಲೋ ಕಾವಲಿನವನ ಕಣ್ಣು ತಪ್ಪಿಸಿ, ಎಲ್ಲೋ ಅವನೇ ನೆಂಟನಾಗಿ. ಅರಸನ ಹುಲ್ಲಿನಲ್ಲಿ ಊರಿಗೊಂದು ಪಾಲು ಎಂಬ ವಾಡಿಕೆ ಹೀಗೆ ತಲೆಮಾರುಗಳಲ್ಲಿ ಬೇರುಬಿಟ್ಟಿತು. ಇಂಥ ಹಕ್ಕು ಪಹಣಿಯಲ್ಲಿ ಬರುವುದಿಲ್ಲ. ಒಂದು ಕಾಲಕ್ಕೆ ಮೈಸೂರು ಸಂಸ್ಥಾನದಲ್ಲಿ ನಾಲ್ಕು ಲಕ್ಷ ಎಕರೆಗೂ ಹೆಚ್ಚಿದ್ದ ಅಮೃತಮಹಲ್ ಕಾವಲುಗಳಲ್ಲಿ ಈಗ ಐದನೇ ಒಂದು ಪಾಲೂ ಉಳಿದಿಲ್ಲ. ಚಳ್ಳಕೆರೆಯಲ್ಲಿ ಉಳಿದಿದ್ದವು ದೊಡ್ಡವು: ಉಳ್ಳಾರ್ತಿ ಕಾವಲು, ಕುದಾಪುರ ಕಾವಲು, ವರವು ಕಾವಲು. ಹುಲ್ಲಿನಲ್ಲಿ ಕೃಷ್ಣಮೃಗ ಓಡಾಡುತ್ತಿದ್ದ, ಎರೆಲಡ್ಡಿನ ಹಕ್ಕಿಗೆ ನೆಲೆಯಾಗಬಲ್ಲ ಬಯಲು.

ಕಂದಾಯ ಇಲಾಖೆಯ ಕಣ್ಣಿಗೆ ಅದು ಖಾಲಿ ಜಮೀನು. ಬಿ ಖರಾಬು, ಬೀಳು, ಬರಡು ಎಂದು ಬರೆಯಲು ಎಷ್ಟು ಹೊತ್ತು? 2008ರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ಸುಮಾರು 10 ಸಾವಿರ ಎಕರೆ ಕೈಬದಲಾಯಿತು. ಡಿಆರ್‌ಡಿಒಗೆ 4,290 ಎಕರೆ, ಅದರ ಬಹುಪಾಲು ವರವು ಕಾವಲಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500 ಎಕರೆ. ಭಾಭಾ ಅಣುಸಂಶೋಧನಾ ಕೇಂದ್ರಕ್ಕೆ, ಇಸ್ರೋಗೆ ಒಂದೊಂದು ಪಾಲು. ಸೌರವಿದ್ಯುತ್ತಿನ ಖಾಸಗಿ ಕಂಪನಿಯೊಂದಕ್ಕೆ 1,250 ಎಕರೆ. ಸುತ್ತಲಿನ ಹಳ್ಳಿಗಳ ಬಹುತೇಕ ಜನಕ್ಕೆ ವಿಷಯ ತಿಳಿದದ್ದು ಗೋಡೆ ಏಳಲು ಶುರುವಾದಾಗ. ದನ ಹೊಡೆದುಕೊಂಡು ಹೋದ ದಾರಿಯಲ್ಲಿ ತಂತಿಬೇಲಿ ಬಂತು.

ಪ್ರಾಣಿಗಳ ಜೊತೆ ಜೈಲಿಗೆ ಹೋಗಲಾಗದು

ತುರುವನೂರಿನ ದಾರಿ ಇಲ್ಲಿ ಯಾಕೆ ಹಿಡಿಯಲಿಲ್ಲ? ಹೋರಾಟವಂತೂ ನಡೆಯಿತು. ಅಮೃತಮಹಲ್ ಕಾವಲ್ ಹಿತರಕ್ಷಣಾ ಹಾಗೂ ಹೋರಾಟ ಸಮಿತಿ ಎದ್ದಿತು, ದೊಡ್ಡಉಳ್ಳಾರ್ತಿ ಕರಿಯಣ್ಣನಂಥ ರೈತ ಮುಖಂಡರು ಮುಂದೆ ಬಂದರು. ಮೆರವಣಿಗೆ, ಧರಣಿ, ಮನವಿಪತ್ರ ಎಲ್ಲ ಆದವು. ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪಿನ ಲಿಯೋ ಸಲ್ಡಾನಾ ಮತ್ತು ಇತರರು 2013ರಲ್ಲಿ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ಮಂಡಳಿ ತಜ್ಞರನ್ನು ಸ್ಥಳಕ್ಕೆ ಕಳಿಸಿತು. 2014ರ ಆಗಸ್ಟಿನಲ್ಲಿ ತೀರ್ಪು ಬಂತು: ಯೋಜನೆಗಳು ನಿಲ್ಲಲಿಲ್ಲ, ಪರಿಸರದ ಅನುಮತಿಗಳ ಷರತ್ತು ಬಿತ್ತು. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ವರವು ಕಾವಲಿನ ಏರೋನಾಟಿಕಲ್ ಟೆಸ್ಟ್ ರೇಂಜನ್ನು ಉದ್ಘಾಟಿಸಿದರು. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಾಗ ಅದು ತಾನಾಗಿಯೇ ಬಂದು ಇಳಿದದ್ದು ಇದೇ ನೆಲದ ರನ್‌ವೇಯಲ್ಲಿ. ದೊಡ್ಡ ಸಾಧನೆ, ಸಂದೇಹವಿಲ್ಲ. ಕಾವಲಿನ ಹಟ್ಟಿಗಳ ಹುಡುಗರೂ ಆ ವಿಡಿಯೊವನ್ನು ಮೊಬೈಲಿನಲ್ಲಿ ನೋಡಿ ಹೆಮ್ಮೆಪಟ್ಟಿರುತ್ತಾರೆ. ದೇಶಕ್ಕೆ ರಾಕೆಟ್ ಬೇಡ ಎಂದು ಯಾವ ಕುರಿಗಾಹಿಯೂ ಹೇಳಿಲ್ಲ.

ಇಕ್ಕಟ್ಟು ಇರುವುದು ಅಲ್ಲೇ. 1939ರಲ್ಲಿ ಎದುರಾಳಿ ಅಬಕಾರಿ ಖಾತೆ. ಹೆಂಡದ ಗುತ್ತಿಗೆಯನ್ನು ಸಮರ್ಥಿಸಲು ಯಾರಿಗೂ ಮುಖವಿರಲಿಲ್ಲ. ವರವು ಕಾವಲಿನಲ್ಲಿ ಬೇಲಿಯ ಆಚೆ ಇರುವುದು ದೇಶರಕ್ಷಣೆ. ಅಲ್ಲಿ ಗೋಡೆಗೆ ಕೈಹಾಕಿದವನು ಸತ್ಯಾಗ್ರಹಿ ಅನ್ನಿಸಿಕೊಳ್ಳುವ ಮೊದಲು ದೇಶದ್ರೋಹಿ ಅನ್ನಿಸಿಕೊಳ್ಳುತ್ತಾನೆ. ಅಧಿಕೃತ ರಹಸ್ಯಗಳ ಕಾಯ್ದೆ ಎಂಬುದೊಂದು 1923ರಿಂದ ಇದೆ, ಬ್ರಿಟಿಷರು ಬಿಟ್ಟುಹೋದದ್ದು, ನಾವು ಜೋಪಾನವಾಗಿ ಇಟ್ಟುಕೊಂಡದ್ದು.

ಇದಕ್ಕಿಂತ ಆಳದ ಕಾರಣ ಇನ್ನೊಂದಿದೆ, ಅದನ್ನು ಚಳವಳಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ವಕೀಲ ಆರು ತಿಂಗಳು ಜೈಲಿಗೆ ಹೋಗಬಹುದು. ವಿದ್ಯಾರ್ಥಿ ಹೋಗಬಹುದು. ಬಿತ್ತನೆ ಮುಗಿಸಿದ ರೈತನೂ ಅಣ್ಣತಮ್ಮಂದಿರಿಗೆ ಹೊಲ ಒಪ್ಪಿಸಿ ಹೋಗಬಹುದು. ಕುರಿ ಕಾಯುವವನು ಹೋಗಲಾರ. ನೂರು ಕುರಿಯ ರೊಪ್ಪವನ್ನು ಬಿಟ್ಟು ಒಂದು ವಾರ ಚಳ್ಳಕೆರೆ ಸಬ್‌ಜೈಲಿನಲ್ಲಿ ಕೂತರೆ ಹೊರಗೆ ಬಂದಾಗ ಎಷ್ಟು ಉಳಿದಿರುತ್ತವೋ ಹೇಳಲಾಗದು. ಅತಿಕ್ರಮ ಪ್ರವೇಶಕ್ಕೆ ಹಳೆಯ ದಂಡಸಂಹಿತೆಯ 447ನೇ ಕಲಮಿನಲ್ಲಿ ಮೂರು ತಿಂಗಳ ಸಜೆ ಅಥವಾ 500 ರೂಪಾಯಿ ದಂಡ, ಈಗಿನ ನ್ಯಾಯ ಸಂಹಿತೆಯಲ್ಲಿ ದಂಡ 5,000ಕ್ಕೆ ಏರಿದೆ. ಕಾಗದದ ಮೇಲೆ ಸಣ್ಣ ಶಿಕ್ಷೆ. ಆದರೆ ವಾಯಿದೆಗೆ ವಾಯಿದೆ ಬಿದ್ದು ತಾಲ್ಲೂಕು ಕೋರ್ಟಿಗೆ ಅಲೆಯುವುದು, ಜಾಮೀನುದಾರನನ್ನು ಹುಡುಕುವುದು, ವಕೀಲರ ಫೀಸು, ಇವೆಲ್ಲ ಸಜೆಯ ಹೊರಗಿನ ಸಜೆ. ಇದರ ಜೊತೆಗೆ ದೊಡ್ಡಿ. ಜಾನುವಾರು ಅತಿಕ್ರಮಣ ಕಾಯ್ದೆ 1871ರದ್ದು, ಕರ್ನಾಟಕದ್ದು 1966ರದ್ದು. ಮನುಷ್ಯನನ್ನು ಹಿಡಿಯದಿದ್ದರೂ ಪ್ರಾಣಿಯನ್ನು ಹಿಡಿದು ದೊಡ್ಡಿಗೆ ಕೂಡಬಹುದು, ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಸತ್ಯಾಗ್ರಹಿ ಉಪವಾಸ ಮಾಡಬಲ್ಲ, ಅವನ ಮೇಕೆ ಮಾಡಲಾರದು. ಒತ್ತೆಯಾಳು ಎದುರಾಳಿಯ ಕೈಯಲ್ಲಿರುವಾಗ 'ಕಾನೂನು ಮುರಿದದ್ದು ನಾನೇ' ಎಂದು ಹೆಸರು ಬರೆಸುವುದು ಹೇಗೆ?

ಹಾಗಾಗಿ ಬೇಲಿ ಎದ್ದ ಕಡೆಯಲ್ಲೆಲ್ಲ ದನಗಾಹಿಗೆ ಉಳಿಯುವುದು ಹಳೆಯ ದಾರಿಯೇ: ಎಲ್ಲಿ ಸಂದು ಸಿಕ್ಕಿತೋ ಅಲ್ಲಿ ನುಗ್ಗಿಸು, ಕಾವಲಿನವನು ಕೂಗಿದರೆ ಹೊಡೆದುಕೊಂಡು ಬಾ. ಇದನ್ನು 'ದಿನನಿತ್ಯದ ಪ್ರತಿರೋಧ' ಎಂದು ಕೊಂಡಾಡುವ ಪಂಡಿತರಿದ್ದಾರೆ. ನನಗೆ ಆ ಉತ್ಸಾಹವಿಲ್ಲ. ಅದು ಹೊಟ್ಟೆಪಾಡು. ತುರುವನೂರಿಗೆ ಮುಂಚಿನ ಕತ್ತಲ ಕೊಡಲಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಗುಟ್ಟಾಗಿ ಮೇಯಿಸಿದ ಹುಲ್ಲು ಬೇಲಿಯನ್ನು ಪ್ರಶ್ನಿಸುವುದಿಲ್ಲ, ಅದು ಅಲ್ಲೇ ಇರುತ್ತದೆ ಎಂದು ಒಪ್ಪಿಕೊಳ್ಳುತ್ತದೆ.

ಸ್ವಂತ ಸರ್ಕಾರದ ಎದುರು

ಸ್ವಾತಂತ್ರ್ಯ ಬಂದ ಮೇಲೆ ಕಾನೂನುಭಂಗಕ್ಕೆ ಜಾಗವೇ ಇಲ್ಲ ಎಂಬ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಹೇಳಿದವರು ಅಂಬೇಡ್ಕರ್. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಕಾನೂನುಭಂಗ, ಅಸಹಕಾರ, ಸತ್ಯಾಗ್ರಹ ಮೂರನ್ನೂ ಬದಿಗಿಡಬೇಕೆಂದರು. ಸಂವಿಧಾನದ ಮಾರ್ಗ ಇಲ್ಲದಿದ್ದಾಗ ಅವಕ್ಕೆ ಸಮರ್ಥನೆ ಇತ್ತು, ಮಾರ್ಗ ತೆರೆದ ಮೇಲೆ ಅವು ಅರಾಜಕತೆಯ ವ್ಯಾಕರಣ ಎಂಬುದು ಅವರ ಎಚ್ಚರಿಕೆ. ಮಹಾಡಿನ ಚವದಾರ್ ಕೆರೆಯ ನೀರನ್ನು 1927ರಲ್ಲಿ ಕುಡಿದು ತೋರಿಸಿದವರೇ ಹೀಗೆ ಹೇಳಿದ್ದು. ಮಹಾಡಿನಲ್ಲಿ ಅವರು ಮುರಿದದ್ದು ಕಾನೂನನ್ನಲ್ಲ, ಕಟ್ಟಳೆಯನ್ನು. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಬೇಕೆಂಬ ನಿರ್ಣಯ ಮುಂಬಯಿ ಶಾಸನಸಭೆಯಲ್ಲಿ 1923ರಲ್ಲೇ ಆಗಿತ್ತು.

ಅಂಬೇಡ್ಕರರ ಮಾತಿನ ತೂಕ ಇರುವುದು 'ಮಾರ್ಗ ತೆರೆದಿದ್ದರೆ' ಎಂಬ ಷರತ್ತಿನಲ್ಲಿ. ಅದನ್ನು ಕರ್ನಾಟಕ ಬೇಗ ಪರೀಕ್ಷೆಗೆ ಒಡ್ಡಿತು. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಜಗಳ ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪ ಸಂಘಟಿಸಿದ್ದ ದೀವರ ಗೇಣಿದಾರರು, ಒಡೆಯರು ಬೇಡವೆಂದ ಗದ್ದೆಗೆ ನೇಗಿಲು ಹೊತ್ತು ಇಳಿದರು, ಸಾಲುಸಾಲಾಗಿ ದಸ್ತಗಿರಿಯಾದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗಣರಾಜ್ಯಕ್ಕೆ ಆಗ ಒಂದೂವರೆ ವರ್ಷವೂ ತುಂಬಿರಲಿಲ್ಲ. ಮಾರ್ಗ ತೆರೆದಿತ್ತು, ಆದರೆ ಗೇಣಿದಾರನಿಗೆ ಅದರ ಬಾಗಿಲು ಎಲ್ಲಿದೆಯೆಂದು ತೋರಿಸುವವರು ಇರಲಿಲ್ಲ.

ಕಾವಲಿನ ಕಥೆಗೆ ಇನ್ನೂ ಹತ್ತಿರದ್ದು ಕುಸನೂರು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಮಾಡಿ, ಹಳ್ಳಿಗಳ ಸುತ್ತಲಿನ ಸುಮಾರು 75 ಸಾವಿರ ಎಕರೆ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎರಡು ಕೈಯಲ್ಲೂ ಕೆಲಸ ಮಾಡಿತು. ಒಂದು ಕೈ ಕೋರ್ಟಿನಲ್ಲಿ: ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನಿಂದ 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಬಂತು. ಇನ್ನೊಂದು ಕೈ ಮಣ್ಣಿನಲ್ಲಿ: ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ, ಮುಂಚೆಯೇ ಸಾರಿ, ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 'ಕಿತ್ತಿಕೊ ಹಚ್ಚಿಕೊ' ಎಂದೇ ಅದರ ಹೆಸರು. 1991ರ ಹೊತ್ತಿಗೆ ಕಂಪನಿಗೆ ಬೀಗ ಬಿತ್ತು.

ಕುಸನೂರಿನ ಜಾಣತನ ಇರುವುದು 'ಹಚ್ಚಿಕೊ' ಎಂಬ ಎರಡನೆಯ ಅರ್ಧದಲ್ಲಿ. ಬರೀ ಕಿತ್ತಿದ್ದರೆ ಪತ್ರಿಕೆಗಳಲ್ಲಿ 'ದಾಂಧಲೆ' ಎಂದು ಬರುತ್ತಿತ್ತು. ನೆಟ್ಟದ್ದರಿಂದ ಈ ಭೂಮಿಗೆ ನಮ್ಮ ಉಪಯೋಗ ಇದು ಎಂದು ತೋರಿಸಿದಂತಾಯಿತು. ವರವು ಕಾವಲಿನಲ್ಲಿ ಇದರ ಸಮಾನ ಏನಿರಬಹುದಿತ್ತು? ಹುಲ್ಲನ್ನು ನೆಡಬೇಕಾಗಿಲ್ಲ, ಅದು ಬೆಳೆದೇ ಇದೆ. ಮೇಯಿಸುವುದೊಂದೇ ಅದರ ಉಪಯೋಗ. ದೇವರ ಎತ್ತುಗಳನ್ನು ಮುಂದಿಟ್ಟುಕೊಂಡು, ದಿನ ಗೊತ್ತುಮಾಡಿ, ಪೊಲೀಸರಿಗೂ ಜಿಲ್ಲಾಧಿಕಾರಿಗೂ ಬರೆದು ತಿಳಿಸಿ, ಹಟ್ಟಿಗೆ ಹಟ್ಟಿಯೇ ಕಾವಲಿಗೆ ಇಳಿದಿದ್ದರೆ? ರನ್‌ವೇ ಇರುವ ಜಾಗವಲ್ಲ, ಅದರ ಸುತ್ತ ಖಾಲಿ ಬಿದ್ದಿರುವ ಸಾವಿರಾರು ಎಕರೆಗೆ. ದೊಡ್ಡಿಗೆ ಎಷ್ಟು ಕೂಡಿಯಾರು? ಹಾಗೊಂದು ನಡೆಯಬೇಕಿತ್ತು ಎಂದು ಪಟ್ಟಣದಲ್ಲಿ ಕೂತು ಬರೆಯುವುದು ಸುಲಭ, ಬೆಲೆ ತೆರುವವರು ಬೇರೆಯವರು. ಆದರೂ ಒಂದು ಮಾತು ನಿಜ. ನ್ಯಾಯಮಂಡಳಿಯ ಕಡತದಲ್ಲಿ ಪ್ರಶ್ನೆ ಪರಿಸರದ ಅನುಮತಿಯದ್ದಾಯಿತು. ಮೇಯಿಸುವವನ ಹಕ್ಕು ಅಡಿಟಿಪ್ಪಣಿಯಾಯಿತು. ಕೋರ್ಟಿನ ಕೈಯೊಂದೇ ಕೆಲಸ ಮಾಡಿತು, ಮಣ್ಣಿನ ಕೈ ಕಟ್ಟಿಹೋಗಿತ್ತು.

ಮಾರ್ಗ ತೆರೆದಿತ್ತೇ ಎಂಬ ಅಂಬೇಡ್ಕರರ ಷರತ್ತಿಗೆ ಇಲ್ಲಿ ಉತ್ತರ ಕೊಡುವುದು ಕಷ್ಟವಲ್ಲ. ಹಂಚಿಕೆ ಮೊದಲು ಆಗಿ, ಜನಕ್ಕೆ ಆಮೇಲೆ ತಿಳಿದು, ಗೋಡೆ ಅರ್ಧ ಎದ್ದ ಮೇಲೆ ವಿಚಾರಣೆ ನಡೆದರೆ, ಮಾರ್ಗ ತೆರೆದಿತ್ತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಉಳಿದಿರುವ ಒಂದು ಬಾಗಿಲು 2006ರ ಅರಣ್ಯ ಹಕ್ಕು ಕಾಯ್ದೆ. ಮೇಯಿಸುವ ಹಕ್ಕನ್ನು ಅದು ಸಮುದಾಯದ ಹಕ್ಕೆಂದು ಹೆಸರಿಟ್ಟು ಹೇಳುತ್ತದೆ. ಕಾವಲು ಅರಣ್ಯವೇ ಅಲ್ಲವೇ ಎಂಬ ತಕರಾರು ಮೊದಲ ಹೊಸ್ತಿಲು. ಅದನ್ನು ದಾಟಿದರೆ ಇನ್ನೊಂದು: ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ನಾಯಕರಿಗೆ ಒಂದು ನಿಯಮ, ಪಟ್ಟಿಯಲ್ಲಿಲ್ಲದ ಕಾಡುಗೊಲ್ಲರಿಗೆ, ಕುರುಬರಿಗೆ ಇನ್ನೊಂದು. ಪಟ್ಟಿಯ ಹೊರಗಿನವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಆ ನೆಲವನ್ನು ನಂಬಿ ಬದುಕಿದ್ದಕ್ಕೆ ಪುರಾವೆ ಕೊಡಬೇಕು. ಲೆಕ್ಕ 1930ಕ್ಕೆ ಹೋಗುತ್ತದೆ. ಒಂದೇ ಕಾವಲಿನಲ್ಲಿ ಒಂದೇ ಹುಲ್ಲು ಮೇಯ್ದ ಎರಡು ಹಟ್ಟಿಯ ದನಗಳಿಗೆ ಎರಡು ಬಗೆಯ ಚರಿತ್ರೆ ಬೇಕು.

ಯಾವುದು ಪುರಾವೆ ಎಂಬುದಕ್ಕೆ 2008ರ ನಿಯಮಗಳಲ್ಲಿ ಪಟ್ಟಿ ಇದೆ. ಗೆಜೆಟಿಯರು, ಜನಗಣತಿ, ಸರ್ವೆ ದಾಖಲೆ, ನಕ್ಷೆ. ಕೋರ್ಟಿನ ಆದೇಶ, ತೀರ್ಪುಗಳೂ ಆ ಪಟ್ಟಿಯಲ್ಲಿವೆ. ಕಾವಲಿನಲ್ಲಿ ದನ ಮೇಯಿಸಿದನೆಂದು ಹಿಂದೆ ಯಾವುದಾದರೂ ಕೋರ್ಟು ಯಾರಿಗಾದರೂ ದಂಡ ಹಾಕಿದ್ದರೆ, ಆ ಶಿಕ್ಷೆಯ ಕಾಗದವೇ ಇಂದು ಮೊಮ್ಮಗನಿಗೆ ಹಕ್ಕಿನ ಕಾಗದವಾಗಬಹುದು. ಹೆಸರು ಬರೆಸಿ ಸಿಕ್ಕಿಬಿದ್ದವನು ದಾಖಲೆಯಲ್ಲಿದ್ದಾನೆ, ಸಂದು ನೋಡಿ ಮೇಯಿಸಿ ಬಂದವನು ಎಲ್ಲೂ ಇಲ್ಲ. ಮೇವಿನ ಹಣ ಕಟ್ಟಿದ ರಸೀತಿ ಯಾವ ಹಟ್ಟಿಯ ಪೆಟ್ಟಿಗೆಯಲ್ಲಾದರೂ ಉಳಿದಿದ್ದರೆ ಅದನ್ನೂ ಹುಡುಕಬೇಕು. ಅರ್ಜಿದಾರರಲ್ಲದ ಹಿರಿಯರು ಕೊಟ್ಟು ಬರೆಸಿದ ಹೇಳಿಕೆಯೂ ಪುರಾವೆಯೇ. 1930ರಲ್ಲಿ ಹುಟ್ಟಿದವರಿಗೆ ಈಗ ತೊಂಬತ್ತೈದರ ಆಸುಪಾಸು. ಆ ಹೇಳಿಕೆಗಳನ್ನು ಬರೆಸಿಕೊಳ್ಳಬೇಕಾದದ್ದು ಗ್ರಾಮಸಭೆ, ಅದಕ್ಕೆ ಬೇಕಾದದ್ದು ಒಂದು ನೋಟಿಸು, ಒಂದು ಪುಸ್ತಕ, ಹೆಬ್ಬೆಟ್ಟಿಗೆ ಒಂದು ಶಾಯಿ ಪ್ಯಾಡು.